ಒಂದೇ ಹಾಡು, ಎಂಟು ಜಗತ್ತು

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಸಂಶೋಧಕರು ನಡೆಸಿದ ಪ್ರಯೋಗವೊಂದು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆಸರು ಮಾಡದ ತಂಡಗಳ 48 ಹಾಡುಗಳನ್ನು ಅವರು ಅಂತರ್ಜಾಲದಲ್ಲಿಟ್ಟು, 14,000ಕ್ಕೂ ಹೆಚ್ಚು ಕೇಳುಗರನ್ನು ಗುಂಪುಗಳಾಗಿ ಬೇರ್ಪಡಿಸಿದರು. ಒಂದು ಗುಂಪಿಗೆ ಕಾಣುತ್ತಿದ್ದುದು ಹಾಡಿನ ಹೆಸರು, ತಂಡದ ಹೆಸರು ಅಷ್ಟೇ. ಉಳಿದ ಎಂಟು ಗುಂಪುಗಳಿಗೆ, ತಮಗಿಂತ ಮೊದಲು ಬಂದವರು ಯಾವ ಹಾಡನ್ನು ಎಷ್ಟು ಸಲ ಡೌನ್‌ಲೋಡ್ ಮಾಡಿಕೊಂಡರೆಂಬ ಲೆಕ್ಕವೂ ಕಾಣುತ್ತಿತ್ತು. ಎಂಟೂ ಸೊನ್ನೆಯಿಂದಲೇ ಶುರುವಾದವು. ಒಂದರಲ್ಲಿ ನಡೆದದ್ದು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ.

‘52ಮೆಟ್ರೋ’ ಎಂಬ ತಂಡದ ‘ಲಾಕ್‌ಡೌನ್’ ಹಾಡಿಗೆ ಲೆಕ್ಕ ಕಾಣದ ಗುಂಪಿನಲ್ಲಿ ಸಿಕ್ಕಿದ್ದು 26ನೇ ಸ್ಥಾನ. ಎಂಟು ಗುಂಪುಗಳ ಪೈಕಿ ಒಂದರಲ್ಲಿ ಅದೇ ಹಾಡು ಎಲ್ಲಕ್ಕಿಂತ ಮೇಲೆ ಹೋಯಿತು, ಇನ್ನೊಂದರಲ್ಲಿ 40ನೇ ಸ್ಥಾನಕ್ಕೆ ಇಳಿಯಿತು. ತೀರಾ ಒಳ್ಳೆಯ ಹಾಡು ನೆಲಕಚ್ಚಿದ್ದು ಅಪರೂಪ, ತೀರಾ ಕಳಪೆಯದು ಗೆದ್ದದ್ದೂ ಅಪರೂಪ. ನಡುವಿನವು ಮಾತ್ರ ಎಲ್ಲಿ ಬೇಕಾದರೂ ಬೀಳಬಹುದಿತ್ತು. ಡೌನ್‌ಲೋಡ್ ಲೆಕ್ಕದ ಪ್ರಕಾರ ಹಾಡುಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿ ತೋರಿಸಿದಾಗಲಂತೂ ಗೆದ್ದವುಗಳಿಗೂ ಸೋತವುಗಳಿಗೂ ಇದ್ದ ಅಂತರ ಇನ್ನಷ್ಟು ಹಿಗ್ಗಿತು. ಸಂಗೀತವನ್ನೇ ನಂಬಿ ಬದುಕುವವರಲ್ಲಿ ಬಹುಪಾಲು ಜನ ಈ ನಡುವಿನವರೇ. ಚೆನ್ನಾಗಿಯೇ ಹಾಡುತ್ತಾರೆ, ಚೆನ್ನಾಗಿಯೇ ನುಡಿಸುತ್ತಾರೆ. ‘ಪ್ರತಿಭೆ ಇದ್ದರೆ ದುಡ್ಡು ತಾನಾಗಿ ಬರುತ್ತೆ’ ಎಂದು ಅವರಿಗೆ ಬುದ್ಧಿ ಹೇಳುವವರು ಈ ಪ್ರಯೋಗವನ್ನೊಮ್ಮೆ ಓದಬೇಕು.

ಇನ್ನು ಹಣ ಹಂಚುವ ಬಗೆ. ಸ್ಪಾಟಿಫೈಯಂಥ ಆನ್‌ಲೈನ್ ಸಂಗೀತ ಸೇವೆಗಳಲ್ಲಿ ಒಂದು ಸಲ ಕೇಳಿದರೆ ಇಷ್ಟು ಪೈಸೆ ಎಂಬ ಗೊತ್ತಾದ ದರವಿಲ್ಲ. ಚಂದಾ ಮತ್ತು ಜಾಹೀರಾತಿನ ಹಣ ಒಟ್ಟಾಗುತ್ತದೆ. ಕಂಪನಿ ತನ್ನ ಪಾಲು ಹಿಡಿದುಕೊಂಡ ಮೇಲೆ, ಒಟ್ಟು ಕೇಳಿಕೆಯಲ್ಲಿ ಯಾರದು ಎಷ್ಟೋ ಅಷ್ಟು ಅವರವರ ಹಕ್ಕುದಾರರಿಗೆ ಹೋಗುತ್ತದೆ. ಲೆಕ್ಕಕ್ಕೆಂದು ಇಬ್ಬರೇ ಚಂದಾದಾರರಿದ್ದಾರೆ, ತಲಾ 100 ರೂಪಾಯಿ ಕಟ್ಟಿದ್ದಾರೆ, ಕಂಪನಿಯ ಪಾಲು ಸೊನ್ನೆ ಎಂದುಕೊಳ್ಳೋಣ. ಒಬ್ಬರು ತಿಂಗಳಲ್ಲಿ ಹತ್ತೇ ಸಲ, ಅದೂ ಒಬ್ಬ ಸಾರಂಗಿ ವಾದಕರನ್ನು ಮಾತ್ರ ಕೇಳುತ್ತಾರೆ. ಇನ್ನೊಬ್ಬರು ಸಿನಿಮಾ ಹಾಡುಗಳನ್ನು 990 ಸಲ ಕೇಳುತ್ತಾರೆ. ಸಾರಂಗಿಯವರಿಗೆ ಸಲ್ಲುವುದು ಎರಡು ರೂಪಾಯಿ. ಅವರೊಬ್ಬರನ್ನೇ ಕೇಳಿದ ಅಭಿಮಾನಿಯ ಉಳಿದ 98 ರೂಪಾಯಿ ಆತ ಎಂದೂ ಕೇಳದ ಹಾಡುಗಳ ಪಾಲಾಯಿತು! ಒಬ್ಬೊಬ್ಬ ಕೇಳುಗನ ಹಣವನ್ನು ಅವನು ಕೇಳಿದವರಿಗೇ ಹಂಚುವ ಪದ್ಧತಿಯನ್ನು ಸೌಂಡ್‌ಕ್ಲೌಡ್ ಎಂಬ ಇನ್ನೊಂದು ಸೇವೆ 2021ರಲ್ಲಿ ಸ್ವತಂತ್ರ ಕಲಾವಿದರಿಗಾಗಿ ಶುರುಮಾಡಿತು. ಸ್ಪಾಟಿಫೈ ಹಿಡಿದದ್ದು ಬೇರೆ ದಾರಿ: ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಧ್ವನಿಮುದ್ರಣಕ್ಕೆ 2024ರಿಂದ ರಾಯಲ್ಟಿಯೇ ಇಲ್ಲ. ನಡುವಿನ ಹಾಡು ಎಲ್ಲಿ ಬೇಕಾದರೂ ಬೀಳಬಹುದೆಂದು ತೋರಿಸಿದ ಸಾಲ್ಗನಿಕ್ ತಂಡದ ಪ್ರಯೋಗವನ್ನು ನೆನೆದರೆ ಈ ಗೆರೆ ನನಗೆ ಸರಿ ಕಾಣುವುದಿಲ್ಲ.

ನಮ್ಮ ದೇಶದಲ್ಲಿ 2012ರ ಕೃತಿಸ್ವಾಮ್ಯ ತಿದ್ದುಪಡಿ ಗೀತರಚನಕಾರರಿಗೂ ಸಂಗೀತ ಸಂಯೋಜಕರಿಗೂ ಒಂದು ಆಸರೆ ಕೊಟ್ಟಿತು. ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಕೇಳಿಸುವುದನ್ನು ಬಿಟ್ಟು ಬೇರೆ ಬಳಕೆಗಳಿಂದ ಬರುವ ರಾಯಲ್ಟಿಯ ಹಕ್ಕನ್ನು ಅವರು ನಿರ್ಮಾಪಕರಿಗೆ ಬರೆದುಕೊಡುವಂತಿಲ್ಲ. ಅದೇ ಹಾಡಿಗೆ ತಬಲಾ, ಕೊಳಲು ನುಡಿಸಿದವರಿಗೆ ಸಾಮಾನ್ಯವಾಗಿ ಆ ದಿನದ ಸಂಭಾವನೆಯೇ ಎಲ್ಲ.

ಹಾಗಾಗಿ ಬದುಕು ಮತ್ತೆ ವೇದಿಕೆಗೇ ಬಂದು ನಿಲ್ಲುತ್ತದೆ: ಗಣೇಶೋತ್ಸವದ ಆರ್ಕೆಸ್ಟ್ರಾ, ರಾಮನವಮಿ ಕಛೇರಿ, ಮದುವೆಮನೆ. ಇಲ್ಲಿನ ತೊಡಕನ್ನು ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮೊಲ್ ಮತ್ತು ವಿಲಿಯಂ ಬೋವೆನ್ 1966ರಲ್ಲೇ ಗುರುತಿಸಿದ್ದರು. ಕಾರ್ಖಾನೆಯಲ್ಲಿ ಒಬ್ಬ ಕಾರ್ಮಿಕ ಗಂಟೆಗೆ ತಯಾರಿಸುವ ಸರಕು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ, ಕೂಲಿಯೂ ಅದರೊಂದಿಗೆ ಏರುತ್ತದೆ. ಆದರೆ ನಿಧಾನಗತಿಯಲ್ಲಿ ಹಾಡುವ ವಿಲಂಬಿತ ಖಯಾಲನ್ನು ಅರ್ಧ ಹೊತ್ತಿನಲ್ಲಿ ಮುಗಿಸಲು ಬರುವುದಿಲ್ಲ, ತಂಬೂರಿಯವರನ್ನೂ ತಬಲಾದವರನ್ನೂ ಕೈಬಿಟ್ಟು ಉಳಿತಾಯ ಮಾಡಲಾಗದು. ಕಲಾವಿದರ ಮನೆ ಬಾಡಿಗೆ ಮಾತ್ರ ಉಳಿದ ಜಗತ್ತಿನ ವೇಗದಲ್ಲೇ ಏರುತ್ತದೆ. ಕಛೇರಿಗೆ ಟಿಕೆಟ್ ದುಬಾರಿಯಾಗಬೇಕು, ಇಲ್ಲವೇ ಪ್ರಾಯೋಜಕರು ಬೇಕು.

ಉಳಿದ ದಾರಿ ಪಾಠ. ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಅನೇಕ ಗಾಯಕರು ಬೆಳಗಿನ ಜಾವ ಅಮೆರಿಕದ ಕನ್ನಡ ಮಕ್ಕಳಿಗೆ ಆನ್‌ಲೈನಿನಲ್ಲಿ ಹೇಳಿಕೊಡುತ್ತಾರೆ. ಅಲ್ಲಿ ಸಂಬಳ ಗೊತ್ತು, ತಿಂಗಳ ಕೊನೆಗೆ ಬರುವುದೂ ಗೊತ್ತು. ಆದರೆ ಒಂದು ಗಂಟೆಯ ಪಾಠಕ್ಕೆ ಅಲ್ಲೂ ಒಂದು ಗಂಟೆಯೇ ಹಿಡಿಯುತ್ತದೆ.