ದ್ವೀಪದಲ್ಲಿ ಇಬ್ಬರೇ ವ್ಯಾಪಾರಿಗಳಿದ್ದರೆ?

ಮಾರಿಷಸ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹನಿಮೂನ್ ಪ್ಯಾಕೇಜು. ಕಾನೂನು ಪದವಿಯ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದ ನನಗೆ ಆ ದ್ವೀಪ ಸಿಕ್ಕಿದ್ದು ಮಾತ್ರ ಬಿಯರ್ ಮೂಲಕ. ಕುಡಿದಲ್ಲ, ಓದಿ!

ಫೀನಿಕ್ಸ್ ಎಂಬುದು ಅಲ್ಲಿ ಮನೆಮಾತಾದ ಬಿಯರ್. ಅದನ್ನು ತಯಾರಿಸುವ ಫೀನಿಕ್ಸ್ ಬೆವರೇಜಸ್‌ಗೆ ಸ್ಟ್ಯಾಗ್ ಎಂಬ ಎದುರಾಳಿ ಕಂಪನಿ ಇತ್ತು. ಸ್ಟ್ಯಾಗ್ ಹಿಂದೆ ಇದ್ದದ್ದು ಫ್ರಾನ್ಸಿನ ಕಾಸ್ಟೆಲ್ ಸಮೂಹ. ನೆರೆಯ ಮಡಗಾಸ್ಕರ್‌ನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಕಾಸ್ಟೆಲ್ ದೊಡ್ಡಣ್ಣ, ಫೀನಿಕ್ಸ್ ಹೊಸಬ. ಹೀಗಿರುವಾಗ ಸ್ಟ್ಯಾಗ್ ಮಾರಿಷಸ್ ಬಿಟ್ಟು ಹೊರಟಿತು, ಫೀನಿಕ್ಸ್ ಮಡಗಾಸ್ಕರ್ ಬಿಟ್ಟಿತು. ನಿನ್ನ ಊರು ನಿನಗೆ, ನನ್ನ ಊರು ನನಗೆ. ಇದು ಕಾಕತಾಳೀಯವಲ್ಲ, ಮಾರುಕಟ್ಟೆ ಹಂಚಿಕೊಳ್ಳುವ ಒಳಒಪ್ಪಂದ ಎಂದು ಮಾರಿಷಸ್‌ನ ಸ್ಪರ್ಧಾ ಆಯೋಗ ತೀರ್ಮಾನಿಸಿ ಎರಡೂ ಕಡೆಗೆ ದಂಡ ಹಾಕಿತು.

ಓದುತ್ತಿದ್ದಂತೆ ನನಗೆ ಕಾಡಿದ ಪ್ರಶ್ನೆ ಬೇರೆ. ಮಾರಿಷಸ್‌ನ ಜನಸಂಖ್ಯೆ ಸುಮಾರು 12.5 ಲಕ್ಷ. ಮಡಗಾಸ್ಕರ್‌ನಿಂದಲೇ ಸುಮಾರು 800 ಕಿ.ಮೀ. ದೂರ. ಇಷ್ಟು ಜನಕ್ಕೆ ಹತ್ತು ಬಿಯರ್ ಕಾರ್ಖಾನೆ ನಡೆಯುವುದಿಲ್ಲ. ಸಿಮೆಂಟ್ ಹಡಗಿನಲ್ಲೇ ಬರಬೇಕು. ಬಂದರಿನಲ್ಲಿ ದಾಸ್ತಾನು ವ್ಯವಸ್ಥೆ ಇದ್ದವನೇ ವ್ಯಾಪಾರಿ. ಪೆಟ್ರೋಲ್, ಡೀಸೆಲ್ ತರಿಸುವುದು ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್. 2007ರ ಒಪ್ಪಂದದಿಂದ ಶುರುವಾಗಿ ಹಲವು ವರ್ಷ ಆ ದ್ವೀಪದ ವಾಹನಗಳು ಓಡಿದ್ದು ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಕಳಿಸಿದ ಇಂಧನದಲ್ಲಿ. ಒಬ್ಬರೋ ಇಬ್ಬರೋ ಮಾತ್ರ ಮಾರಲು ಸಾಧ್ಯವಿರುವ ಜಾಗದಲ್ಲಿ ಸ್ಪರ್ಧಾ ಕಾಯ್ದೆ ಏನು ಮಾಡೀತು?

ಇಸ್ರೇಲಿನ ಕಾನೂನು ವಿದ್ವಾಂಸೆ ಮಿಖಾಲ್ ಗಾಲ್ 2003ರಲ್ಲಿ ಇದೇ ವಿಷಯದ ಮೇಲೆ ಒಂದು ಪುಸ್ತಕ ಬರೆದಿದ್ದಾರೆ. ದೊಡ್ಡ ದೇಶದ ಕಾಯ್ದೆಯನ್ನು ಸಣ್ಣ ಆರ್ಥಿಕತೆಗೆ ಹಾಗೇ ತೊಡಿಸಬಾರದು, ಅಲ್ಲಿ ಕಂಪನಿಗಳು ಕೆಲವೇ ಇರುವುದು ಸಹಜ ಎನ್ನುವುದು ಅವರ ವಾದ. ಮಾರಿಷಸ್ ಕಾಯ್ದೆಯಲ್ಲೂ ಇದೇ ಧಾಟಿ ಕಾಣುತ್ತದೆ. 2007ರಲ್ಲಿ ಅಂಗೀಕಾರವಾಗಿ, 2009ರ ನವೆಂಬರ್‌ನಲ್ಲಿ ಪೂರ್ಣವಾಗಿ ಜಾರಿಗೆ ಬಂದ ಈ ಕಾಯ್ದೆಯಲ್ಲಿ ದೊಡ್ಡದಾಗಿರುವುದು ತಪ್ಪಲ್ಲ. ಒಂದೇ ಕಂಪನಿಯ ಕೈಯಲ್ಲಿ ಮಾರುಕಟ್ಟೆಯ 30% ಅಥವಾ ಮೂರು ಕಂಪನಿಗಳ ಕೈಯಲ್ಲಿ ಒಟ್ಟು 70% ಇದ್ದರೆ ಆಯೋಗ ಕಣ್ಣಿಡಬಹುದು, ಅಷ್ಟೇ. ಆ ಬಲವನ್ನು ದುರುಪಯೋಗ ಮಾಡಿದ್ದು ಸಾಬೀತಾದರೆ ಮಾತ್ರ ಕ್ರಮ. (ನಮ್ಮ 2002ರ ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ ಇಂಥ ಶೇಕಡಾವಾರು ಗೆರೆಯೇ ಇಲ್ಲ. ಕಾನೂನು ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳಿ. ಅಂದಹಾಗೆ ನಮ್ಮಲ್ಲೂ ಒಳಒಪ್ಪಂದದ ವಿರುದ್ಧದ ಸೆಕ್ಷನ್‌ಗಳು ಜಾರಿಯಾದದ್ದು 2009ರ ಮೇ ತಿಂಗಳಲ್ಲೇ.)

ಕಾಯ್ದೆ ಕಠಿಣವಾಗುವುದು ಬಿಯರ್ ಪ್ರಕರಣದಂಥ ಒಳಒಪ್ಪಂದಗಳ ಮೇಲೆ. ಒಪ್ಪಂದ ನಡೆದ ಅವಧಿಯ ವಹಿವಾಟಿನ 10%ವರೆಗೆ ದಂಡ, ಗರಿಷ್ಠ ಐದು ವರ್ಷಗಳ ಲೆಕ್ಕ. ತಾನಾಗಿ ಬಂದು ಒಪ್ಪಿಕೊಂಡವರಿಗೆ ರಿಯಾಯಿತಿಯೂ ಉಂಟು. ಇಬ್ಬರೇ ಇರುವ ಊರಿನಲ್ಲಿ ಮೂರನೆಯವನನ್ನು ಹುಟ್ಟಿಸುವುದು ಕಾಯ್ದೆಯಿಂದ ಆಗದ ಕೆಲಸ. ಇರುವ ಇಬ್ಬರು ಕೈ ಕುಲುಕದಂತೆ ತಡೆಯುವುದು ಆಗುವ ಕೆಲಸ.

ಆದರೆ ತಡೆಯುವವರು ಯಾರು? ಪುಟ್ಟ ದ್ವೀಪದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ತನಿಖಾಧಿಕಾರಿಯ ಸಹಪಾಠಿ ಕಂಪನಿಯ ಮ್ಯಾನೇಜರ್ ಆಗಿರಬಹುದು. ಮಾರಿಷಸ್ ತನ್ನ ಆಯೋಗದ ಮೊದಲ ಕಾರ್ಯನಿರ್ವಾಹಕ ನಿರ್ದೇಶಕನ ಹುದ್ದೆಗೆ ಬ್ರಿಟನ್‌ನ ಸ್ಪರ್ಧಾ ಆಯೋಗದಲ್ಲಿ ಕೆಲಸ ಮಾಡಿದ್ದ ಜಾನ್ ಡೇವಿಸ್ ಅವರನ್ನು ಕರೆತಂದದ್ದು ಒಳ್ಳೆಯದೇ ಆಯಿತು ಎಂದು ನನಗನ್ನಿಸಿದ್ದು ಇದಕ್ಕೇ. ಇನ್ನೊಂದು ಎಚ್ಚರಿಕೆಯೂ ಇದೆ: ತನಿಖೆ ನಿರ್ದೇಶಕರದ್ದು, ತೀರ್ಪು ಆಯುಕ್ತರದ್ದು. ಕೆರಿಬಿಯನ್ ದ್ವೀಪ ಜಮೈಕಾ 1993ರಲ್ಲೇ ಇಂಥ ಕಾಯ್ದೆ ತಂದಿತ್ತು. ಅಲ್ಲಿನ ಆಯೋಗವೇ ದೂರುದಾರ, ಆಯೋಗವೇ ನ್ಯಾಯಾಧೀಶ. ಅಲ್ಲಿನ ಷೇರುಪೇಟೆ ಕೋರ್ಟಿಗೆ ಹೋಯಿತು. ಇದು ಸಹಜ ನ್ಯಾಯಕ್ಕೆ ವಿರುದ್ಧ ಎಂದು 2001ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಆಯೋಗದ ಕೈ ಕಟ್ಟಿದಂತಾಯಿತು.

ಮಾರಿಷಸ್ ಕಾಯ್ದೆಯಲ್ಲಿ ನನಗೆ ಹಿಡಿಸದ ಸಂಗತಿಗಳೂ ಇವೆ. ದೊಡ್ಡ ಕಂಪನಿ ತನ್ನ ಬಲ ದುರುಪಯೋಗ ಮಾಡಿದರೆ 2007ರಲ್ಲಿ ಬರೆದ ಕಾಯ್ದೆಯ ಪ್ರಕಾರ ದಂಡವಿಲ್ಲ, ನಿಲ್ಲಿಸು ಎಂಬ ನಿರ್ದೇಶನ ಮಾತ್ರ. ಲಾಭ ಜೇಬಿಗಿಳಿಸಿಕೊಂಡವನಿಗೆ ಅದೇನು ಮಹಾ ಶಿಕ್ಷೆ? ಕಂಪನಿಗಳು ವಿಲೀನವಾಗುವಾಗ ಮೊದಲೇ ತಿಳಿಸಬೇಕೆಂಬ ಕಡ್ಡಾಯವನ್ನೂ ಅದರಲ್ಲಿ ಇಟ್ಟಿರಲಿಲ್ಲ.

ಆದರೂ 2015ರಲ್ಲಿ ನಡೆದದ್ದನ್ನು ನೋಡಿ. ಸಿಮೆಂಟ್ ದೈತ್ಯರಾದ ಲಫಾರ್ಜ್ ಮತ್ತು ಹೊಲ್ಸಿಮ್ ಒಂದಾದವು. ತೀರ್ಮಾನವಾದದ್ದು ದೂರದ ಯುರೋಪಿನಲ್ಲಿ. ಆದರೆ ಮಾರಿಷಸ್‌ನಲ್ಲಿ ಎರಡೂ ಕಂಪನಿಗಳು ಸಿಮೆಂಟ್ ಮಾರುತ್ತಿದ್ದವು. ವಿಲೀನವನ್ನು ಹಾಗೇ ಬಿಟ್ಟಿದ್ದರೆ ಮನೆ ಕಟ್ಟುವ ದ್ವೀಪವಾಸಿಗೆ ಚೌಕಾಸಿ ಮಾಡಲು ಎದುರಾಳಿ ಅಂಗಡಿಯೇ ಇರುತ್ತಿರಲಿಲ್ಲ. ಹೊಲ್ಸಿಮ್‌ನ ಮಾರಿಷಸ್ ಘಟಕ ಬೇರೆಯವರಿಗೆ ಮಾರಾಟವಾಯಿತು. ಕೋಲೋಸ್ ಎಂಬ ಹೊಸ ಹೆಸರಿನಲ್ಲಿ ಅದು ಸಿಮೆಂಟ್ ಮಾರುವುದನ್ನು ಮುಂದುವರಿಸಿತು.