ವಿದೇಶಕ್ಕೆ ಹೊರಡುವ ಮುನ್ನ: ವೀಸಾದ ಉದ್ದೇಶವನ್ನೂ ಅವಧಿಯನ್ನೂ ಅರಿಯೋಣ

ಹೊನವಾಡ, ತಿಕೋಟಾ, ಬಬಲೇಶ್ವರ ಸೀಮೆಯ ಮನೆತನಗಳಲ್ಲಿ ಇಂದು ಅಮೆರಿಕೆಯ ಮಾತು ಅಪರಿಚಿತವಲ್ಲ. ದ್ರಾಕ್ಷಿ ಬೆಳೆದು ಕೂಡಿಟ್ಟ ಹಣದಿಂದಲೋ, ಹೊಲವನ್ನು ಒತ್ತೆಯಿಟ್ಟು ತಂದ ಸಾಲದಿಂದಲೋ ಮಕ್ಕಳನ್ನು ಉನ್ನತ ವ್ಯಾಸಂಗಕ್ಕೆ ಕಳುಹಿಸಲು ಹಿರಿಯರು ಸಿದ್ಧರಾಗುತ್ತಾರೆ. ಅಲ್ಲಿ ನೆಲೆಸಿದ ಮಗಳ ಬಾಣಂತನಕ್ಕೆ ತಾಯಂದಿರು ಹೊರಡುತ್ತಾರೆ. ಉತ್ತರ ಅಮೆರಿಕಾ ವೀರಶೈವ ಸಮಾಜವು 1978ರಲ್ಲಿಯೇ ಸ್ಥಾಪನೆಗೊಂಡಿತೆಂಬುದನ್ನು ನೆನೆದರೆ ಈ ಸಂಬಂಧವು ಎಷ್ಟು ಹಳೆಯದೆಂಬುದು ತಿಳಿಯುತ್ತದೆ. ಆದರೆ ತಾತ್ಕಾಲಿಕ ವೀಸಾಗಳ ಕುರಿತು ನಮ್ಮಲ್ಲಿ ಇನ್ನೂ ಉಳಿದಿರುವ ತಪ್ಪು ತಿಳಿವಳಿಕೆಯು ಹಲವು ಕುಟುಂಬಗಳನ್ನು ಸಂಕಟಕ್ಕೆ ದೂಡಬಲ್ಲದು.

ಮೊದಲನೆಯದಾಗಿ, ಪ್ರವಾಸಿಗರ ಬಿ-2 ವೀಸಾ. ಇದು ಭಾರತೀಯರಿಗೆ ಸಾಮಾನ್ಯವಾಗಿ 10 ವರ್ಷಗಳ ಅವಧಿಗೆ ದೊರೆಯುತ್ತದೆ. ಹಾಗೆಂದು 10 ವರ್ಷ ಅಲ್ಲಿಯೇ ಇರಬಹುದೆಂದು ಅರ್ಥವಲ್ಲ. ವೀಸಾ ಎಂಬುದು ಆ ದೇಶದ ಬಾಗಿಲಿನವರೆಗೆ ಹೋಗಲು ಇರುವ ಅಪ್ಪಣೆ ಮಾತ್ರ. ಒಳಗೆ ಎಷ್ಟು ದಿನ ಇರಬಹುದೆಂಬುದನ್ನು ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿಯು ನಿರ್ಧರಿಸುತ್ತಾನೆ. ಬಹುಮಟ್ಟಿಗೆ ಅದು 6 ತಿಂಗಳು. ಐ-94 ಎಂಬ ದಾಖಲೆಯಲ್ಲಿ ಆ ದಿನಾಂಕವಿರುತ್ತದೆ. ಹೆಚ್ಚು ದಿನ ಇರಬೇಕಾದಲ್ಲಿ ಅವಧಿ ಮುಗಿಯುವ ಮೊದಲೇ ಅರ್ಜಿ ಸಲ್ಲಿಸತಕ್ಕದ್ದು. ದಿನಾಂಕ ಮೀರಿ ಉಳಿದರೆ ಆ ವೀಸಾ ರದ್ದಾಗುತ್ತದೆ. 1996ರ ಕಾನೂನಿನ ಮೇರೆಗೆ, 180 ದಿನಗಳಿಗಿಂತ ಹೆಚ್ಚು ಕಾಲ ಅನಧಿಕೃತವಾಗಿದ್ದು ಹೊರಬಂದವರಿಗೆ 3 ವರ್ಷ, 1 ವರ್ಷ ಅಥವಾ ಅದಕ್ಕೂ ಮೀರಿ ಇದ್ದವರಿಗೆ 10 ವರ್ಷ ಮರುಪ್ರವೇಶವಿಲ್ಲ. ಈ ವೀಸಾದ ಮೇಲೆ ಹೋದವರು ಅಲ್ಲಿ ಯಾವ ಉದ್ಯೋಗವನ್ನೂ ಮಾಡುವಂತಿಲ್ಲ.

ಎರಡನೆಯದು ವಿದ್ಯಾರ್ಥಿಗಳ ಎಫ್-1 ವೀಸಾ. ಸರಕಾರದ ಮಾನ್ಯತೆ ಪಡೆದ ವಿದ್ಯಾಸಂಸ್ಥೆಯು ಐ-20 ಎಂಬ ಪತ್ರವನ್ನು ಕೊಟ್ಟ ನಂತರವೇ ಇದಕ್ಕೆ ಅರ್ಜಿ ಹಾಕಲು ಸಾಧ್ಯ. ತರಗತಿಗಳು ನಡೆಯುತ್ತಿರುವಾಗ ಕಾಲೇಜಿನ ಆವರಣದಲ್ಲಿ ವಾರಕ್ಕೆ 20 ಗಂಟೆಗಳವರೆಗೆ ದುಡಿಯಬಹುದು. ಅನುಮತಿಯಿಲ್ಲದೆ ಹೊರಗಿನ ಅಂಗಡಿ, ಹೋಟೆಲುಗಳಲ್ಲಿ ದುಡಿಯುವುದು ನಿಷಿದ್ಧ. ಆದುದರಿಂದ ಅಲ್ಲಿ ದುಡಿದು ಸಾಲ ತೀರಿಸುತ್ತೇನೆಂಬ ಮಗನ ಭರವಸೆಯೊಂದನ್ನೇ ನಂಬಿ ಹೊಲವನ್ನು ಒತ್ತೆಯಿಡುವುದು ಜಾಣತನವಲ್ಲ.

ದಲ್ಲಾಳಿಗಳ ಮಾತಿಗೆ ಮರುಳಾಗುವುದು ಇದಕ್ಕಿಂತ ಅಪಾಯಕಾರಿ. 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯದ ಮೋಸವು ಬಯಲಾದಾಗ ನಮ್ಮ ದೇಶದ ಕೆಲವು ವಿದ್ಯಾರ್ಥಿಗಳ ಕಾಲಿಗೆ ರೇಡಿಯೋ ಪಟ್ಟಿ ತೊಡಿಸಲಾಯಿತು. 2019ರ ಜನವರಿಯಲ್ಲಿ ಮಿಶಿಗನ್ನಿನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದ ಪ್ರಕರಣ ಹೊರಬಿದ್ದಿತು. ಪಾಠವೂ ಇಲ್ಲದ, ಅಧ್ಯಾಪಕರೂ ಇಲ್ಲದ ಆ ಸಂಸ್ಥೆಯನ್ನು ವೀಸಾ ವಂಚನೆ ಹಿಡಿಯಲೆಂದು ಅಲ್ಲಿನ ಸರಕಾರದ ಅಧಿಕಾರಿಗಳೇ ಹೂಡಿದ್ದರು. ಮೊದಲಿಗೆ ಬಂಧಿತರಾದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು! ಓದದೆಯೇ ವೀಸಾ ಉಳಿಸಿಕೊಡುತ್ತೇವೆಂಬ ಮಾತು ಎಲ್ಲಿ ಕೇಳಿಬಂದರೂ ಅಲ್ಲಿಂದ ದೂರ ಸರಿಯುವುದೇ ಲೇಸು.

ಮೂರನೆಯದು ತರಬೇತಿಗಾಗಿ ಹೋಗುವವರ ವೀಸಾ. ಜೆ-1 ವೀಸಾದಲ್ಲಿ ವೃತ್ತಿ ತರಬೇತಿ ಪಡೆಯುವವರಿಗೆ ಹೆಚ್ಚೆಂದರೆ 18 ತಿಂಗಳು, ಆಗತಾನೆ ಪದವಿ ಪಡೆದ ಅಥವಾ ಓದುತ್ತಿರುವ ಯುವಕರಿಗೆ 12 ತಿಂಗಳ ಅವಕಾಶವಿದೆ. ಮಾನ್ಯತೆ ಪಡೆದ ಪ್ರಾಯೋಜಕ ಸಂಸ್ಥೆಯ ಪತ್ರವಿಲ್ಲದೆ ಇದು ದೊರೆಯದು. ವೈದ್ಯರಾದವರು ಈ ವೀಸಾದ ಮೇಲೆ ಆಸ್ಪತ್ರೆಯ ಉನ್ನತ ತರಬೇತಿಗೆ ಹೋದರೆ, ವಿನಾಯಿತಿ ಸಿಗದ ಹೊರತು, ಮುಗಿದ ಮೇಲೆ 2 ವರ್ಷ ತಾಯ್ನಾಡಿನಲ್ಲಿರಬೇಕೆಂಬ ಕರಾರಿದೆ. ಎಚ್-3 ಎಂಬ ಇನ್ನೊಂದು ವೀಸಾ, ಸ್ವದೇಶದಲ್ಲಿ ಸಿಗದ ತರಬೇತಿಗಾಗಿ ಹೆಚ್ಚೆಂದರೆ 2 ವರ್ಷಗಳಿಗೆ ದೊರೆಯುತ್ತದೆ. ತರಬೇತಿಯ ಹೆಸರಿನಲ್ಲಿ ನಿತ್ಯದ ನೌಕರಿ ಮಾಡಿಸಲು ಅದು ಸಲ್ಲದು.

ಪ್ರವಾಸಿಯಾಗಲಿ, ವಿದ್ಯಾರ್ಥಿಯಾಗಲಿ, ಕೆಲಸ ಮುಗಿಸಿ ಹಿಂತಿರುಗುವೆನೆಂಬುದನ್ನು ಸಂದರ್ಶನದಲ್ಲಿ ಮನವರಿಕೆ ಮಾಡಿಕೊಡಬೇಕು. ಹೊಲದ ಉತಾರ, ಬ್ಯಾಂಕಿನ ಪುಸ್ತಕ, ಮನೆಯವರ ವಿವರ ಇವು ನಿಜವಾಗಿದ್ದರೆ ಸಾಕು. ಸುಳ್ಳು ಕಾಗದ ಒಂದೇ ಒಂದು ಸಿಕ್ಕಿಬಿದ್ದರೂ ಮುಂದೆ ಬಾಗಿಲು ಶಾಶ್ವತವಾಗಿ ಮುಚ್ಚಬಹುದು. ವೃದ್ಧ ತಂದೆತಾಯಿಯರನ್ನು ಕರೆಸಿಕೊಳ್ಳುವ ಮಕ್ಕಳು ಆರೋಗ್ಯ ವಿಮೆಯನ್ನು ಮೊದಲೇ ಮಾಡಿಸತಕ್ಕದ್ದು, ಏಕೆಂದರೆ ಅಲ್ಲಿಯ ಆಸ್ಪತ್ರೆಯ ವೆಚ್ಚ ನಮ್ಮ ಊಹೆಗೂ ಮೀರಿದುದು.

ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಹೊರಡುವ ಮುನ್ನ ಅಮೆರಿಕಾ ಕಾನ್ಸುಲೇಟಿನ ಅಧಿಕೃತ ಪ್ರಕಟಣೆಗಳನ್ನೇ ನೋಡಿ ಖಚಿತಪಡಿಸಿಕೊಳ್ಳಿರಿ. ಮರಳುವ ದಿನಾಂಕವನ್ನು ಮನೆಯ ಪಂಚಾಂಗದಲ್ಲಿ ಗುರುತು ಮಾಡಿಡಿರಿ. ದುಡಿಮೆಯ ಹಣವೂ ಮನೆತನದ ಮರ್ಯಾದೆಯೂ ಉಳಿಯಲೆಂಬುದೇ ನಮ್ಮ ಹಾರೈಕೆ.