ನಿಮಗಿದು ಗೊತ್ತೆ? ಗಾಲ್ಫ್ ತವರಲ್ಲೇ ಗೆಲುವಿಗೆ ಬರ!

ಗಾಲ್ಫ್ ಹುಚ್ಚಿಗೆ ಬಿದ್ದ ಜನ ಬಿಲ್ಲುಗಾರಿಕೆ ಮರೆಯುತ್ತಿದ್ದಾರೆಂದು ಸ್ಕಾಟ್ಲೆಂಡ್ 1457ರಲ್ಲೇ ಈ ಆಟವನ್ನು ನಿಷೇಧಿಸಿತ್ತು! 1860ರಲ್ಲಿ ಪ್ರೆಸ್ಟ್‌ವಿಕ್‌ನಲ್ಲಿ ಶುರುವಾದ ಓಪನ್ ಟೂರ್ನಿಯನ್ನು 1889ರವರೆಗೆ ಗೆದ್ದವರೆಲ್ಲ ಸ್ಕಾಟ್ಲೆಂಡ್‌ನವರೇ.

ಈಗ? 1999ರ ಬಳಿಕ ಕಾಲು ಶತಮಾನ ಕಳೆದರೂ ಅಲ್ಲಿನ ಪುರುಷರಿಗೆ ಗಾಲ್ಫ್‌ನ ನಾಲ್ಕು ಅತಿದೊಡ್ಡ ಟೂರ್ನಿಗಳಾದ ‘ಮೇಜರ್’ಗಳಲ್ಲಿ ಒಂದು ಪ್ರಶಸ್ತಿಯೂ ದಕ್ಕಿಲ್ಲ. (ಮಹಿಳೆಯರೇ ವಾಸಿ: ಹೆರಿಗೆಯಾದ 11 ವಾರಕ್ಕೆ ಕ್ಯಾಟ್ರಿಯೋನಾ ಮ್ಯಾಥ್ಯೂ 2009ರ ಮಹಿಳೆಯರ ಬ್ರಿಟಿಷ್ ಓಪನ್ ಗೆದ್ದರು.) ಪುರುಷರ ಆ ಕೊನೆಯ ಗೆಲುವು, 1999ರ ಓಪನ್‌ನದು, ಅದೂ ಪವಾಡದಂಥದ್ದೇ. ಕಾರ್ನೂಸ್ಟಿ ಮೈದಾನದ ಕೊನೆಯ ಕುಳಿಗೆ ಬಂದಾಗ ಫ್ರಾನ್ಸ್‌ನ ವಾನ್ ಡೆ ವೆಲ್ಡ್ ಮೂರು ಹೊಡೆತ ಮುಂದಿದ್ದರು. ಚೆಂಡು ತೊರೆಗೆ ಬಿತ್ತು. ಶೂ, ಕಾಲುಚೀಲ ಕಳಚಿ, ಪ್ಯಾಂಟು ಮಡಚಿ ಆತ ನೀರಿಗಿಳಿದು ನಿಂತರು. ಅಷ್ಟೂ ಮುನ್ನಡೆ ಅಲ್ಲೇ ಕರಗಿತು. ಆ ದಿನದ ಆಟವನ್ನು ಹತ್ತು ಹೊಡೆತ ಹಿಂದಿನಿಂದ ಆರಂಭಿಸಿದ್ದ ಸ್ಕಾಟ್ಲೆಂಡ್‌ನ ಪಾಲ್ ಲಾರಿ ಪ್ಲೇಆಫ್‌ನಲ್ಲಿ ಗೆದ್ದರು.

ಈ ಬರದ ಕಾರಣಗಳಲ್ಲಿ ಹವೆಯೂ ಒಂದು. ಚಳಿಗಾಲದಲ್ಲಿ ಸಂಜೆ ನಾಲ್ಕರ ಹೊತ್ತಿಗೇ ಕತ್ತಲು. ಕಡಲತೀರದ ಗಟ್ಟಿ ನೆಲದಲ್ಲಿ, ಗಾಳಿಗೆ ಸಿಕ್ಕದಂತೆ ಚೆಂಡನ್ನು ತಗ್ಗಿನಲ್ಲೇ ಓಡಿಸುವುದು ಅಲ್ಲಿನವರ ಜಾಣ್ಮೆ. ಆದರೆ ನಾಲ್ಕರಲ್ಲಿ ಮೂರು ಮೇಜರ್‌ಗಳು ನಡೆಯುವುದು ಅಮೆರಿಕದಲ್ಲಿ. ಅಲ್ಲಿ ಚೆಂಡನ್ನು ಎತ್ತರಕ್ಕೆ ಚಿಮ್ಮಿಸಿ, ಬಿದ್ದಲ್ಲೇ ನಿಲ್ಲಿಸುವವರದೇ ಮೇಲುಗೈ. ತಮಾಷೆಯೆಂದರೆ ಅಮೆರಿಕನ್ನರಿಗೆ ಆರಂಭದಲ್ಲಿ ಗಾಲ್ಫ್ ಕಲಿಸಿದವರಲ್ಲಿ ಹೆಚ್ಚಿನವರು ವಲಸೆ ಹೋದ ಸ್ಕಾಟಿಷರು!

ಆದರೂ ಬರ ನೀಗುವ ಆಸೆ ಬತ್ತಿಲ್ಲ: ಸ್ಕಾಟ್ಲೆಂಡ್‌ನ ಓಬನ್ ಊರಿನ ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವವರ ಮಗ, ಎಡಗೈ ಆಟಗಾರ ರಾಬರ್ಟ್ ಮ್ಯಾಕಿಂಟೈರ್ 2025ರ ಯುಎಸ್ ಓಪನ್ ಕಳೆದುಕೊಂಡದ್ದು ಎರಡೇ ಹೊಡೆತದಿಂದ.